ಮುತ್ತಿನ ಹಾಸು ಮತ್ತು ಕೊಬ್ಬರಿಯ ಅಟ್ಟ

(ಬಾನುಲಿ ಭಾಷಣ)

ಸಮುದ್ರವೆಂಬುದು ನಮ್ಮ ಸೀಮೆಯವರಿಗೆ ಕೇಳಿದ ಕಥೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರು ತಾಲ್ಲೂಕುಗಳ ತೆಂಗಿನ ನೆರಳಿನಲ್ಲಿ ಹುಟ್ಟಿದವರು ಕೆರೆಯ ಏರಿಯನ್ನು ಬಲ್ಲರೇ ಹೊರತು ಕಡಲ ದಂಡೆಯನ್ನು ಅರಿಯರು. ಅಂಥ ಒಳನಾಡಿನಲ್ಲಿ ಬೆಳೆದು, ಅಲ್ಲಿಯ ನ್ಯಾಯಾಲಯಗಳಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕು ವಕೀಲಿ ಮಾಡಿದ ನಾನು ಇಂದು ಮುತ್ತಿನ ವಿಷಯ ಮಾತನಾಡಲು ಹೊರಟಿರುವುದನ್ನು ಕಂಡು ಕೇಳುಗರಿಗೆ ಸೋಜಿಗವಾಗಬಹುದು. ನಮಗೂ ಮುತ್ತಿಗೂ ಇರುವ ನಂಟೆಂದರೆ ಅರಳಗುಪ್ಪೆಯ ಚೆನ್ನಕೇಶವ ದೇಗುಲದ ಶಿಲ್ಪಗಳ ಕೊರಳಲ್ಲಿರುವ ಕಲ್ಲಿನ ಮುತ್ತಿನ ಸರ ಮಾತ್ರ. ಆದರೂ ನಾನು ಮುತ್ತಿನ ಚರಿತ್ರೆಯನ್ನು ಓದತೊಡಗಿದ್ದು ಆ ಶಿಲ್ಪವನ್ನು ನೋಡಿಯಲ್ಲ, ನನ್ನ ತಂದೆಯವರ ಒಂದು ಮಾತನ್ನು ಕೇಳಿ.

ನಮ್ಮ ತಂದೆಯವರು ಗೇಣಿದಾರರು. ಅವರು ನೆಟ್ಟು, ನೀರೆರೆದು ಬೆಳೆಸಿದ ತೋಟ ಬೇರೊಬ್ಬರ ಹೆಸರಿನಲ್ಲಿತ್ತು. 1974ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ, ಉಳುವವನೇ ಒಡೆಯನೆಂಬ ಮಾತು ಶಾಸನದ ಮಾತಾಯಿತು. ತಂದೆಯವರು ಏಳನೇ ನಮೂನೆಯ ಅರ್ಜಿಯನ್ನು ಕೊಟ್ಟರು. ಭೂನ್ಯಾಯಮಂಡಳಿಯ ಮುಂದೆ ವರ್ಷಗಟ್ಟಲೆ ಅಲೆದರು. ಕೊನೆಗೊಂದು ದಿನ ಅಧಿಭೋಗದ ಹಕ್ಕಿನ ಪತ್ರವನ್ನು ಪಂಚೆಯ ಅಂಚಿನಲ್ಲಿ ಸುತ್ತಿಕೊಂಡು ಮನೆಗೆ ಬಂದರು. ಆ ಸಂಜೆ ಅವರು ಊಟ ಮಾಡಲಿಲ್ಲ. ತೋಟಕ್ಕೆ ಹೋಗಿ ಒಂದೊಂದು ಮರವನ್ನೂ ಮುಟ್ಟಿ ಬಂದರು. ನಾನು ಕಾನೂನು ಓದಬೇಕೆಂದು ನಿಶ್ಚಯಿಸಿದ್ದು ಆ ಸಂಜೆ. ಕಾಗದದ ಒಂದು ಹಾಳೆಗೆ ಮನುಷ್ಯನ ಬೆನ್ನನ್ನು ನೇರ ಮಾಡುವ ಶಕ್ತಿಯಿದೆಯೆಂದು ಆಗ ನನಗೆ ತೋರಿತು.

ಇಪ್ಪತ್ತು ವರ್ಷಗಳು ಉರುಳಿದವು. 2000ದ ಹೊತ್ತಿಗೆ ಕೊಬ್ಬರಿಯ ಬೆಲೆ ಕುಸಿಯಿತು. ತಿಪಟೂರಿನ ಮಾರುಕಟ್ಟೆಗೆ ಚೀಲಗಳನ್ನು ಒಯ್ದು, ಅಂದಿನ ಬೆಲೆಯನ್ನು ಕೇಳಿಕೊಂಡು ಹಿಂದಿರುಗಿದ ತಂದೆಯವರು ಜಗಲಿಯ ಮೇಲೆ ಕುಳಿತು ಹೇಳಿದರು: "ತೋಟ ನನ್ನದಾಯಿತು, ಬೆಲೆ ನನ್ನದಾಗಲಿಲ್ಲ. ನೀನು ಲಾ ಓದಿದವನಲ್ಲವೆ, ಬೆಲೆಯ ಪಹಣಿ ಯಾರ ಹೆಸರಿನಲ್ಲಿದೆ, ಹೇಳು." ನನ್ನ ಬಳಿ ಉತ್ತರವಿರಲಿಲ್ಲ. ಮುಂದೆ ಉತ್ತರವನ್ನು ಅರಸುತ್ತ ಹೋದ ನನಗೆ ಅದೇ ಪ್ರಶ್ನೆಯನ್ನು ಎದುರಿಸಿದವರು ಸಮುದ್ರದ ತಳದಲ್ಲಿ ಸಿಕ್ಕಿದರು. ಅವರು ಮುತ್ತಿಗಾಗಿ ಮುಳುಗುತ್ತಿದ್ದವರು.

ಭಾರತಕ್ಕೂ ಸಿಂಹಳಕ್ಕೂ ನಡುವಣ ಮನ್ನಾರ್ ಕೊಲ್ಲಿಯಲ್ಲಿ, ಕಡಲ ತಳದಲ್ಲಿ ಹಾಸುಬಂಡೆಗಳಿವೆ. ತಮಿಳರು ಅವನ್ನು ‘ಪಾರ್’ ಎನ್ನುತ್ತಾರೆ. ಮುತ್ತಿನ ಚಿಪ್ಪುಗಳು ಬೆಳೆಯುವುದು ಆ ಬಂಡೆಗಳ ಮೇಲೆ. ಪಾಂಡ್ಯರ ಕೊರ್ಕೈ ಬಂದರಿನ ಮುತ್ತು ರೋಮಿನವರೆಗೆ ಹೋಗುತ್ತಿತ್ತು. ಮೊದಲನೆಯ ಶತಮಾನದ ಗ್ರೀಕ್ ನಾವಿಕನೊಬ್ಬನ ಪುಸ್ತಕವಾದ ‘ಪೆರಿಪ್ಲಸ್’, ಅಲ್ಲಿ ಶಿಕ್ಷೆಗೊಳಗಾದ ಕೈದಿಗಳಿಂದ ಮುತ್ತು ತೆಗೆಸುತ್ತಿದ್ದರೆಂದು ಹೇಳುತ್ತದೆ. ಕಾಲಾಂತರದಲ್ಲಿ ಆ ಕೆಲಸ ಪರವರೆಂಬ ಸಮುದಾಯದ ಕುಲವೃತ್ತಿಯಾಯಿತು. ಮುಳುಗುವವನು ಒಂದು ಭಾರವಾದ ಕಲ್ಲಿನ ಮೇಲೆ ಕಾಲಿಟ್ಟು, ತೆಂಗಿನ ನಾರಿನ ಹಗ್ಗವನ್ನು ಹಿಡಿದು ಕೆಳಗಿಳಿಯುತ್ತಿದ್ದ; ಒಂದು ಒಂದೂವರೆ ನಿಮಿಷದೊಳಗೆ ಕೈಗೆ ಸಿಕ್ಕಷ್ಟು ಚಿಪ್ಪುಗಳನ್ನು ಬುಟ್ಟಿಗೆ ತುಂಬುತ್ತಿದ್ದ; ದೋಣಿಯಲ್ಲಿರುವ ಜೊತೆಗಾರನು ಹಗ್ಗವನ್ನೆಳೆಯುತ್ತಿದ್ದ. ನಮ್ಮಲ್ಲಿ ಕಾಯಿ ಕೀಳುವವನು ಹಗ್ಗದ ಬಳೆಯನ್ನು ಕಾಲಿಗೆ ತೊಟ್ಟು ಮೇಲಕ್ಕೆ ಹೋಗುತ್ತಾನೆ, ಅಲ್ಲಿ ಕೆಳಕ್ಕೆ ಹೋಗುತ್ತಿದ್ದ. ಎರಡೂ ಕಡೆ ಪ್ರಾಣವಿರುವುದು ಹಗ್ಗದಲ್ಲಿಯೇ.

ಆ ಹಾಸಿನ ಹಕ್ಕನ್ನು ಅಳೆಯುತ್ತಿದ್ದ ಬಗೆ ನಮ್ಮವರಿಗೆ ಬೇಗ ಅರ್ಥವಾಗುವಂಥದು. ಎಕರೆ ಗುಂಟೆಗಳಿಂದಲ್ಲ, ಮುಳುಗುವ ಕಲ್ಲುಗಳಿಂದ ಅದನ್ನು ಅಳೆಯುತ್ತಿದ್ದರು. ಮದುರೆಯ ನಾಯಕನಿಗೆ ಇಷ್ಟು ಕಲ್ಲು, ರಾಮನಾಡಿನ ಸೇತುಪತಿಗೆ ಇಷ್ಟು ಕಲ್ಲು, ದೇವಾಲಯಕ್ಕೆ ಇಷ್ಟು, ಪರವರ ಜಾತಿತಲೈವನಿಗೆ ಇಷ್ಟು ಎಂದು ಕಂದಾಯವಿಲ್ಲದ ಕಲ್ಲುಗಳನ್ನು ಬಿಟ್ಟುಕೊಡಲಾಗುತ್ತಿತ್ತು. ಅವಕ್ಕೆ ಮಾನ್ಯದ ಕಲ್ಲುಗಳೆಂದೇ ಹೆಸರು. ಮಾನ್ಯವೆಂಬ ಮಾತು ನಮ್ಮ ಹಳ್ಳಿಗಳ ಹಳೆಯ ದಾಖಲೆಗಳಲ್ಲಿ ಎಷ್ಟು ಸಲ ಬರುತ್ತದೆಂಬುದನ್ನು ಇನಾಂ ಭೂಮಿಯ ಮೊಕದ್ದಮೆ ನಡೆಸಿದವರು ಬಲ್ಲರು. ಸೊರಮೀನುಗಳ ಬಾಯಿ ಕಟ್ಟುವ ಮಂತ್ರವಾದಿಗೂ ಒಂದು ಪಾಲು ಸಲ್ಲುತ್ತಿತ್ತು. ಕಟ್ಟುವುದೆಂದರೆ ಸೊರಮೀನಿನ ಬಾಯಿ, ಆದರೆ ಧೈರ್ಯ ಬರುತ್ತಿದ್ದುದು ಮುಳುಗುವವನ ಎದೆಗೆ.

ಪೋರ್ಚುಗೀಸರು ಬಂದರು; 1530ರ ದಶಕದಲ್ಲಿ ಪರವರು ಅವರ ರಕ್ಷಣೆಯನ್ನು ಬೇಡಿ ಕ್ರೈಸ್ತರಾದರು. 1658ರಲ್ಲಿ ತೂತ್ತುಕುಡಿ ಡಚ್ಚರ ಕೈ ಸೇರಿತು. 1796ರಲ್ಲಿ ಸಿಂಹಳದ ಹಾಸುಗಳು ಇಂಗ್ಲಿಷರ ಪಾಲಾದವು. ಒಡೆಯರು ಬದಲಾದರು, ಪದ್ಧತಿ ಬಹುಮಟ್ಟಿಗೆ ಹಾಗೆಯೇ ಉಳಿಯಿತು. ಇಪ್ಪತ್ತನೆಯ ಶತಮಾನದ ಆದಿಯ ಸಿಂಹಳದ ಮುತ್ತಿನ ಸುಗ್ಗಿಗಳಲ್ಲಿ, ತೆಗೆದ ಚಿಪ್ಪನ್ನು ಮೂರು ಪಾಲು ಮಾಡಿ ಎರಡನ್ನು ಸರ್ಕಾರವೂ ಒಂದನ್ನು ಮುಳುಗಿದವರೂ ತೆಗೆದುಕೊಳ್ಳುತ್ತಿದ್ದರು.

ನಮ್ಮ ನಾಡಿನ ಅರಸನೊಬ್ಬನೂ ಮುತ್ತಿನ ಆಸೆಪಟ್ಟಿದ್ದನೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಟಿಪ್ಪು ಸುಲ್ತಾನನು ಮಸ್ಕತ್‌ನಲ್ಲಿದ್ದ ತನ್ನ ಪ್ರತಿನಿಧಿಗೆ ಬರೆಯಿಸಿದ ಪತ್ರಗಳಲ್ಲಿ, ಪರ್ಷಿಯದ ಕೊಲ್ಲಿಯ ಮುತ್ತಿನ ಮುಳುಗುಗಾರರನ್ನು ಮಂಗಳೂರಿನ ಕಡೆಗೆ ಕಳುಹಿಸಿಕೊಡಬೇಕೆಂಬ ಆಜ್ಞೆಯಿದೆ. ಅವನು ಹೊರಗಿನಿಂದ ತರಿಸಲೆಳಸಿದ ರೇಷ್ಮೆ ಮೈಸೂರಿನಲ್ಲಿ ನೆಲೆಯೂರಿತು, ಮುತ್ತು ಊರಲಿಲ್ಲ. ಕಡಲ ತಳದ ಹಾಸು ಅರಸನ ಆಜ್ಞೆಯಿಂದ ಹುಟ್ಟುವಂಥದಲ್ಲವಷ್ಟೆ.

ಈಗ ಕಾನೂನಿನ ಮಾತಿಗೆ ಬರೋಣ. ಸಮುದ್ರವು ಯಾರದೂ ಅಲ್ಲ, ಎಲ್ಲರದು ಎಂಬುದು ಯೂರೋಪಿನ ನ್ಯಾಯಶಾಸ್ತ್ರದ ಹಳೆಯ ಸೂತ್ರ. ತೀರದಿಂದ ಮೂರು ಮೈಲಿಯವರೆಗೆ ಮಾತ್ರ ಆಯಾ ದೇಶದ ಅಧಿಕಾರವಿತ್ತು. ಅದರಾಚೆ ಯಾರು ಬೇಕಾದರೂ ಬಲೆ ಬೀಸಬಹುದಾಗಿತ್ತು. ಆದರೆ ಮುತ್ತಿನ ಹಾಸುಗಳು ಮೂರು ಮೈಲಿಯ ಗೆರೆಯನ್ನು ಅರಿಯವು. ಹಲವು ಹಾಸುಗಳು ಅದರಾಚೆಗೇ ಇವೆ. ಹಾಗಾದರೆ ಅವು ಯಾರ ಸ್ವತ್ತು? 1758ರಲ್ಲಿ ವಾಟೆಲ್ ಎಂಬ ಸ್ವಿಸ್ ಪಂಡಿತನು ಇದಕ್ಕೆ ಉತ್ತರ ಕೊಟ್ಟ. ಮೀನು ಓಡಾಡುತ್ತದೆ, ಅದಕ್ಕೆ ಮನೆಯಿಲ್ಲ. ಮುತ್ತಿನ ಚಿಪ್ಪಾದರೋ ಕುಳಿತಲ್ಲೇ ಕುಳಿತಿರುತ್ತದೆ, ಮತ್ತು ತೆಗೆದಷ್ಟೂ ಮುಗಿಯುತ್ತದೆ. ಆದಕಾರಣ ಬಹರೇನ್ ಮತ್ತು ಸಿಂಹಳದ ಮುತ್ತಿನ ಕಡಲು ಒಡೆತನಕ್ಕೆ ಒಳಗಾಗಬಹುದೆಂಬುದರಲ್ಲಿ ಸಂದೇಹವಿರಬೇಕಿಲ್ಲ ಎಂಬುದು ಅವನ ವಾದದ ಸಾರ. ನಮ್ಮ ತೆಂಗಿನ ಮರದಂತೆ ಚಿಪ್ಪಿಗೂ ಒಂದು ಬುಡವಿದೆ. ಬುಡವಿರುವುದಕ್ಕೆ ಒಡೆಯನಿರಬಹುದು ಎಂದು ನಾವು ಅದನ್ನು ಅರ್ಥಮಾಡಿಕೊಳ್ಳಬಹುದು.

ಆ ತತ್ತ್ವವು ಪುಸ್ತಕದಲ್ಲಿಯೇ ಉಳಿಯಲಿಲ್ಲ. ಸಿಂಹಳದಲ್ಲಿ 1811ರ ಶಾಸನವೊಂದು, ಮುತ್ತಿನ ಹಾಸಿನ ಮೇಲೆ ಅಪ್ಪಣೆಯಿಲ್ಲದೆ ಸುಳಿದಾಡುವ ದೋಣಿಗಳನ್ನು ಹಿಡಿದು ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರವನ್ನು ಕೊಟ್ಟಿತು. 1904ರಲ್ಲಿ ಮದರಾಸಿನ ಉಚ್ಚ ನ್ಯಾಯಾಲಯದ ಮುಂದೆ ಒಂದು ಪ್ರಕರಣ ಬಂತು. ರಾಮನಾಡಿನ ತೀರದಾಚೆ, ಪಾಕ್ ಕೊಲ್ಲಿಯಲ್ಲಿ, ಮೂರು ಮೈಲಿಯ ಗೆರೆಗೂ ಹೊರಗೆ ಯಾರೋ ಶಂಖಗಳನ್ನು ತೆಗೆದಿದ್ದರು. ಸಮುದ್ರದಿಂದ ಶಂಖ ತೆಗೆದರೆ ಅದು ಕಳವಾಗುತ್ತದೆಯೆ? ಆಗುತ್ತದೆಂದು ನ್ಯಾಯಾಲಯ ತೀರ್ಮಾನಿಸಿತು. ಅನಾದಿಯಿಂದ ಆ ಶಂಖದ ಹಾಸನ್ನು ಆಳುವವರು ತಮ್ಮದೆಂದು ಅನುಭವಿಸಿಕೊಂಡು ಬಂದಿರುವುದರಿಂದ ಅದು ಎಲ್ಲರ ಸಮುದ್ರವಲ್ಲ ಎಂಬುದು ಆ ತೀರ್ಪಿನ ತಿರುಳು. ನಾನು ವಿದ್ಯಾರ್ಥಿಯಾಗಿದ್ದಾಗ ಈ ತೀರ್ಪನ್ನು ಓದಿ ಬಹಳ ಸಂತೋಷಪಟ್ಟೆ. ಅನುಭೋಗವೇ ಹಕ್ಕಿಗೆ ತಾಯಿಯೆಂಬ ಮಾತು ಗೇಣಿದಾರನ ಮಗನಿಗೆ ಹಿತವಾಗಿ ಕೇಳದಿದ್ದೀತೆ?

ಪರ್ಷಿಯದ ಕೊಲ್ಲಿಯಲ್ಲಿಯೂ ಇದೇ ಬಗೆಯ ಹೋರಾಟ ನಡೆಯಿತು. ಅರಬ್ ತೀರದ ಮುತ್ತಿನ ಹಾಸುಗಳು ಆ ತೀರದ ಎಲ್ಲ ಕುಲಗಳಿಗೂ ಸಮಾನವಾದ ಸೊತ್ತು. ಹೊರಗಿನವರಿಗೆ ಅಲ್ಲಿ ಪ್ರವೇಶವಿಲ್ಲ. ಇದು ಅವರ ಪುರಾತನ ವಾಡಿಕೆ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ವಿದೇಶದ ವರ್ತಕರು ಮುಳುಗುಡುಪನ್ನೂ ಯಂತ್ರವನ್ನೂ ಹಿಡಿದು ಆ ಹಾಸುಗಳ ಮೇಲೆ ಕಣ್ಣಿಟ್ಟರು. 1905ರಲ್ಲಿ ಬ್ರಿಟಿಷ್ ಸರ್ಕಾರದ ಕಾನೂನು ಅಧಿಕಾರಿಗಳು ಅಭಿಪ್ರಾಯ ಕೊಟ್ಟರು: ಮೂರು ಮೈಲಿಯೊಳಗಿನ ಹಾಸುಗಳ ವಿಷಯದಲ್ಲಿ ತಕರಾರಿಲ್ಲ, ಅದರಾಚೆಗೂ, ವಾಸ್ತವವಾಗಿ ಸ್ವಾಧೀನದಲ್ಲಿಟ್ಟುಕೊಳ್ಳಬಹುದಾದ ಹಾಸುಗಳು ಒಡೆತನಕ್ಕೆ ಒಳಪಡಬಹುದು. 1911ರಲ್ಲಿ ಕೊಲ್ಲಿಯ ಶೇಖರು ಬ್ರಿಟಿಷರ ಒಪ್ಪಿಗೆಯಿಲ್ಲದೆ ಯಾವ ಪರದೇಶದವನಿಗೂ ಮುತ್ತಿನ ಗುತ್ತಿಗೆಯನ್ನು ಕೊಡುವುದಿಲ್ಲವೆಂದು ಒಡಂಬಟ್ಟರು. ಒಡಂಬಡಿಕೆಯಲ್ಲಿ ಬ್ರಿಟಿಷರ ಸ್ವಾರ್ಥವೂ ಇತ್ತೆಂಬುದನ್ನು ಹೇಳಬೇಕಾಗಿಲ್ಲ. ಅದು ಹೇಗೇ ಇರಲಿ, ಹಾಸಿಗೆ ಬೇಲಿಯಂತೂ ಬಿತ್ತು. ಪರದೇಶದ ದೋಣಿ ಒಳಗೆ ಬರಲಿಲ್ಲ.

ಶತ್ರು ಬಂದದ್ದು ಬೇರೆಯ ದಾರಿಯಿಂದ. ಜಪಾನಿನಲ್ಲಿ ಮಿಕಿಮೊಟೊ ಎಂಬ ಸಾಹಸಿಯು 1893ರಲ್ಲಿ ಚಿಪ್ಪಿನೊಳಗೆ ಕಣವನ್ನಿಟ್ಟು ಅರ್ಧಗೋಲದ ಮುತ್ತನ್ನು ಬೆಳೆಸಿದ್ದ. ಮುಂದಿನ ಎರಡು ದಶಕಗಳಲ್ಲಿ ದುಂಡು ಮುತ್ತನ್ನು ಬೆಳೆಯುವ ವಿದ್ಯೆ ಜಪಾನಿನ ಕೈಗೆ ಬಂತು. 1921ರ ಹೊತ್ತಿಗೆ ಆ ಮುತ್ತುಗಳು ಲಂಡನ್ ಮತ್ತು ಪ್ಯಾರಿಸ್ ನಗರಗಳ ಪೇಟೆಯಲ್ಲಿ ಕಾಣಿಸಿಕೊಂಡು, ಸಾಚಾ ಯಾವುದು ಸಾಕಿದ್ದು ಯಾವುದು ಎಂದು ವರ್ತಕರು ಗದ್ದಲವೆಬ್ಬಿಸಿದರು. ಅದರ ಮೇಲೆ 1929ರ ಆರ್ಥಿಕ ಮುಗ್ಗಟ್ಟು ಬಂತು. ಕೊಲ್ಲಿಯ ಮುತ್ತು ಬಂದು ಸೇರುತ್ತಿದ್ದ ಮುಂಬಯಿಯ ಪೇಟೆ ಕಳೆಗುಂದಿತು. ಹಾಸು ಅಲ್ಲೇ ಇತ್ತು. ಚಿಪ್ಪು ಅಲ್ಲೇ ಇತ್ತು. ಹಕ್ಕೂ ಅಲುಗಾಡದೆ ಇತ್ತು. ಕೊಳ್ಳುವವನು ಮಾತ್ರ ಇರಲಿಲ್ಲ. ಸಾಲದಲ್ಲಿ ಹುಟ್ಟಿ ಸಾಲದಲ್ಲಿಯೇ ಸಾಯುತ್ತಿದ್ದ ಬಹರೇನಿನ ಮುಳುಗುಗಾರರು 1932ರಲ್ಲಿ ದಂಗೆಯೆದ್ದರು. ಅದೇ ವರ್ಷ ಆ ದ್ವೀಪದಲ್ಲಿ ಎಣ್ಣೆ ಸಿಕ್ಕಿತು. ಮುಳುಗುವವರು ಎಣ್ಣೆಯ ಬಾವಿಗಳ ಕೂಲಿಗೆ ಹೋದರು. ಬಹರೇನ್ ಸಾಕಿದ ಮುತ್ತಿನ ವ್ಯಾಪಾರವನ್ನು ತನ್ನ ನೆಲದಲ್ಲಿ ನಿಷೇಧಿಸಿತು. ಪ್ರಪಂಚದ ಉಳಿದ ಪೇಟೆಗಳಿಗೆ ಆ ನಿಷೇಧ ಹೇಗೆ ತಟ್ಟೀತು? 2012ರಲ್ಲಿ ಬಹರೇನಿನ ಮೂರು ಹಾಸುಗಳು, ವರ್ತಕರ ಮನೆಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಸತ್ತ ಕಸುಬಿಗೆ ಸಲ್ಲುವ ಗೌರವ ಅದು.

ಇನ್ನೊಂದು ಉದಾಹರಣೆ ಇದಕ್ಕಿಂತಲೂ ಮಾರ್ಮಿಕವಾದದ್ದು. ಆಸ್ಟ್ರೇಲಿಯದ ಉತ್ತರದ ಕಡಲಲ್ಲಿ ಮುತ್ತಿಗಿಂತ ಹೆಚ್ಚಾಗಿ ಮುತ್ತಿನ ಚಿಪ್ಪನ್ನೇ ತೆಗೆಯುತ್ತಿದ್ದರು. ಅಂಗಿಯ ಗುಂಡಿಗಳಿಗೆ ಅದು ಬೇಕಾಗಿತ್ತು. ಯುದ್ಧಾನಂತರ ಜಪಾನಿನ ಹಡಗುಗಳು 1953ರಲ್ಲಿ ಮತ್ತೆ ಆ ಕಡಲಿಗೆ ಬಂದವು. ಆಸ್ಟ್ರೇಲಿಯವು ಅದೇ ವರ್ಷ ತನ್ನ ಭೂಖಂಡದ ಅಂಚಿನ ಕಡಲ ತಳವೆಲ್ಲ ತನ್ನದೆಂದು ಘೋಷಿಸಿ, ಪರದೇಶದ ಹಡಗುಗಳಿಗೂ ಅಪ್ಪಣೆಪತ್ರ ಬೇಕೆಂದು ಶಾಸನ ಮಾಡಿತು. ಜಪಾನ್ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗೋಣವೆಂದಿತು. ತೀರ್ಪು ಬರುವವರೆಗೆಂದು ತಾತ್ಕಾಲಿಕ ಒಪ್ಪಂದವಾಯಿತು. ತೀರ್ಪು ಬರಲೇ ಇಲ್ಲ. 1958ರ ಜಿನೀವಾ ಒಪ್ಪಂದವು, ಕಡಲ ತಳಕ್ಕೆ ಅಂಟಿ ಬದುಕುವ ಜೀವಿಗಳು ಆ ತೀರದ ದೇಶಕ್ಕೇ ಸೇರಿದವು ಎಂದು ವಿಧಿಸಿತು. 1982ರ ಸಮುದ್ರ ಕಾನೂನಿನ ಒಪ್ಪಂದವೂ ಅದನ್ನೇ ಉಳಿಸಿಕೊಂಡಿತು. ಎರಡು ಶತಮಾನದ ಕೆಳಗಿನ ವಾಟೆಲನ ಮಾತು ಪ್ರಪಂಚದ ಕಾನೂನಾಯಿತು. ಆದರೆ ಆ ವೇಳೆಗೆ ಅಂಗಿಗಳಿಗೆ ಪ್ಲಾಸ್ಟಿಕ್ ಗುಂಡಿ ಬಂದಿತ್ತು. ಹಕ್ಕು ಗೆದ್ದಿತು, ಚಿಪ್ಪಿನ ಪೇಟೆ ಸತ್ತಿತು. ಆ ನಾಡಿನಲ್ಲಿ ಮುತ್ತಿನ ಉದ್ಯಮ ಮತ್ತೆ ತಲೆಯೆತ್ತಿದ್ದು 1956ರಿಂದ, ಜಪಾನೀಯರೊಡನೆಯೇ ಕೂಡಿ ಮುತ್ತನ್ನು ಸಾಕತೊಡಗಿದ ಮೇಲೆ.

ನಮ್ಮ ದೇಶದಲ್ಲಿ? 1955ರಲ್ಲಿ ರಾಷ್ಟ್ರಪತಿಗಳ ಘೋಷಣೆಯಿಂದ ತೀರದಾಚೆಯ ಕಡಲ ತಳದ ಮೇಲೆ ಭಾರತದ ಅಧಿಕಾರ ಸ್ಥಿರವಾಯಿತು. ಆ ವರ್ಷದಿಂದ 1961ರವರೆಗೆ ತೂತ್ತುಕುಡಿಯಲ್ಲಿ ಮುತ್ತಿನ ಸುಗ್ಗಿಗಳು ನಡೆದವು. ಅವೇ ಕೊನೆಯವು. 1976ರಲ್ಲಿ ಮನ್ನಾರ್ ಕೊಲ್ಲಿಯಲ್ಲಿ ಭಾರತಕ್ಕೂ ಶ್ರೀಲಂಕೆಗೂ ನಡುವೆ ಗಡಿರೇಖೆಯನ್ನು ಎಳೆದಾಗ, ಕಾಯಬೇಕಾಗಿದ್ದ ಮುತ್ತಿನ ಸುಗ್ಗಿ ಉಳಿದಿರಲಿಲ್ಲ. 1973ರಲ್ಲಿಯೇ ತೂತ್ತುಕುಡಿಯ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾಲಯದ ವಿಜ್ಞಾನಿಗಳು ಭಾರತದ ಚಿಪ್ಪಿನಲ್ಲಿ ದುಂಡು ಮುತ್ತನ್ನು ಸಾಕಿ ಬೆಳೆದಿದ್ದರು.

ಇಷ್ಟು ದೂರ ಕಡಲ ಮೇಲೆ ಅಲೆದು ಈಗ ನಮ್ಮ ಅಟ್ಟಕ್ಕೆ ಹಿಂದಿರುಗುತ್ತೇನೆ. ತಿಪಟೂರು ಸೀಮೆಯ ಉಂಡೆ ಕೊಬ್ಬರಿ ಅವಸರದ ಪದಾರ್ಥವಲ್ಲ. ಬಲಿತ ಕಾಯನ್ನು ಸುಲಿಯದೆ ಅಟ್ಟದ ಮೇಲೆ ಹರಡಿ ಎಂಟು ಹತ್ತು ತಿಂಗಳು ಕಾಯಬೇಕು. ಒಳಗಿನ ನೀರು ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು, ಅಲುಗಿಸಿದರೆ ಸದ್ದು ಮಾಡಿದಾಗ ಅದು ಕೊಬ್ಬರಿಯಾಯಿತೆಂದು ತಿಳಿಯುತ್ತೇವೆ. ಅದು ಗಾಣಕ್ಕೆ ಹೋಗುವುದಲ್ಲ; ಹೆಚ್ಚಾಗಿ ಉತ್ತರ ಭಾರತದ ಮದುವೆ ಮುಂಜಿ ಹಬ್ಬಗಳಿಗೆ ಹೋಗುವ ತಿನ್ನುವ ಕೊಬ್ಬರಿ. ಗಾಣದ ಕೊಬ್ಬರಿಯ ವ್ಯವಹಾರ ಬೇರೆ. ಆದರೂ ತೆಂಗೆಲ್ಲ ಒಂದೇ ಬಳಗ. 1990ರ ದಶಕದ ನಡುವೆ ಆಮದಿನ ಬಾಗಿಲು ತೆರೆದ ಮೇಲೆ ಇಂಡೋನೇಷ್ಯ, ಮಲೇಷ್ಯಗಳ ತಾಳೆಯೆಣ್ಣೆ ಹಡಗು ಹಡಗಾಗಿ ಬಂದಿಳಿಯಿತು. ಒಂದು ಹೆಕ್ಟೇರಿನಲ್ಲಿ ಎಣ್ಣೆತಾಳೆಯು ತೆಂಗಿಗಿಂತ ಹಲವು ಪಟ್ಟು ಎಣ್ಣೆ ಕೊಡುತ್ತದೆ; ಬೆಲೆಯಲ್ಲಿ ಅದರೊಡನೆ ತೆಂಗು ಸೆಣಸಲಾರದು. ಎಣ್ಣೆಯ ಬೆಲೆ ಇಳಿದರೆ ಗಾಣದ ಕೊಬ್ಬರಿ ಇಳಿಯುತ್ತದೆ. ಅದು ಇಳಿದರೆ ಕಾಯಿಯ ಬೆಲೆ ಇಳಿಯುತ್ತದೆ. ಆ ಇಳಿತ ಒಂದು ದಿನ ನಮ್ಮ ಅಟ್ಟವನ್ನೂ ಏರುತ್ತದೆ.

ತಾಳೆಯೆಣ್ಣೆ ನಮ್ಮ ಒಬ್ಬ ರೈತನ ಒಂದು ಗೇಣು ನೆಲವನ್ನೂ ಕಿತ್ತುಕೊಳ್ಳಲಿಲ್ಲ. ಮಿಕಿಮೊಟೊವಿನ ಮುತ್ತೂ ಕೊಲ್ಲಿಯ ಒಂದು ಹಾಸನ್ನೂ ಅತಿಕ್ರಮಿಸಲಿಲ್ಲ. ಅತಿಕ್ರಮಣದ ಮೇಲೆ ದಾವೆ ಹೂಡಬಹುದು. ಅಗ್ಗದ ಮೇಲೆ ಯಾವ ನ್ಯಾಯಾಲಯದಲ್ಲಿ ದಾವೆ ಹೂಡೋಣ? ಅಲ್ಲದೆ, ಅಗ್ಗದ ಎಣ್ಣೆಯಿಂದ ಒಗ್ಗರಣೆ ಹಾಕುವ ಬಡವಳಿಗೂ, ಸಾಕಿದ ಮುತ್ತಿನ ಒಂದೆಳೆ ಸರವನ್ನು ಮಗಳ ಕೊರಳಿಗೆ ತೊಡಿಸಿದ ಸಾಮಾನ್ಯ ಗೃಹಸ್ಥನಿಗೂ ತಮ್ಮದೇ ಆದ ನ್ಯಾಯವಿದೆ. ಆ ಕಡೆಯ ಮಾತನ್ನು ಮರೆತು ವಾದಿಸುವುದು ವಕೀಲನಿಗೆ ಸಲ್ಲಬಹುದು, ಮನುಷ್ಯನಿಗೆ ಸಲ್ಲದು.

ಹಾಗೆಂದು ಬೆಲೆಗೆ ಕಾನೂನೇ ಇಲ್ಲವೆಂದುಕೊಳ್ಳಬಾರದು. ಇದೆ, ನಾವು ಅದನ್ನು ಕಾನೂನೆಂದು ಗುರುತಿಸುವುದಿಲ್ಲ, ಅಷ್ಟೆ. ವಿಶ್ವ ವ್ಯಾಪಾರ ಸಂಸ್ಥೆಯ ಕಟ್ಟಳೆಯಲ್ಲಿ ತಾಳೆಯೆಣ್ಣೆಯ ಮೇಲೆ ಶೇಕಡ 300ರವರೆಗೆ ಸುಂಕ ಹಾಕುವ ಅಧಿಕಾರವನ್ನು ಭಾರತ ಉಳಿಸಿಕೊಂಡಿದೆ. ಆ ಮಿತಿಯೊಳಗೆ ಸುಂಕ ಏರುತ್ತದೆ, ಇಳಿಯುತ್ತದೆ. 2024ರ ಸೆಪ್ಟೆಂಬರಿನಲ್ಲಿ ಕಚ್ಚಾ ತಾಳೆಯೆಣ್ಣೆಯ ಮೂಲಸುಂಕ ಸೊನ್ನೆಯಿಂದ ಶೇಕಡ 20ಕ್ಕೆ ಏರಿತು. 2025ರ ಮೇ ತಿಂಗಳ ಕೊನೆಯಲ್ಲಿ ಶೇಕಡ 10ಕ್ಕೆ ಇಳಿಯಿತು. ಒಂದು ಅಧಿಸೂಚನೆ ಹೊರಟಾಗ ತುರುವೇಕೆರೆಯ ರೈತನನ್ನು ಯಾರೂ ಕೇಳಿರುವುದಿಲ್ಲ. ಅವನಿಗೆ ಅದು ಗೊತ್ತಾಗುವುದು ಮಂಡಿಯ ಕಟ್ಟೆಯ ಮೇಲೆ.

ಬೆಂಬಲ ಬೆಲೆಯ ಮಾತೂ ಇದೇ. 2023ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿಯೆಂದು ಕೇಂದ್ರ ಸರ್ಕಾರ ಸಾರಿತು. ಆ ವರ್ಷ ಪೇಟೆಯ ಬೆಲೆ ಅದಕ್ಕಿಂತ ಬಹಳ ಕೆಳಗಿತ್ತು. ಸರ್ಕಾರದ ಪರವಾಗಿ ನಾಫೆಡ್ ಕೊಂಡಷ್ಟಕ್ಕೆ ಆ ಬೆಲೆ ಸಿಕ್ಕಿತು, ಉಳಿದದ್ದಕ್ಕೆ ಸಿಗಲಿಲ್ಲ. ಏಕೆಂದರೆ ಬೆಂಬಲ ಬೆಲೆಯು ಸರ್ಕಾರದ ಭರವಸೆಯೇ ಹೊರತು, ಪಹಣಿಯಂತೆ ರೈತನು ಕೈಯಲ್ಲಿ ಹಿಡಿದು ನ್ಯಾಯಾಲಯದ ಮೆಟ್ಟಿಲೇರಬಹುದಾದ ಹಕ್ಕಲ್ಲ. 2025ರಲ್ಲಿ ಪೇಟೆಯ ಬೆಲೆ ಆ ವರ್ಷದ ಬೆಂಬಲ ಬೆಲೆಯಾದ 12,100 ರೂಪಾಯಿಯನ್ನು ಬಹಳ ಹಿಂದೆ ಬಿಟ್ಟು ಮೇಲೇರಿತು. ನಮ್ಮ ಊರಿನವರು ಸಂತೋಷಪಟ್ಟರು, ನಾನೂ ಪಟ್ಟೆ. ಆದರೆ ಯಾರ ಕೈಯಿಂದ ಬಿತ್ತೋ ಗೊತ್ತಿಲ್ಲದ ಬೆಲೆ ಯಾರ ಕೈಯಿಂದ ಏರಿತೋ ಅದೂ ಗೊತ್ತಿಲ್ಲ. ಒಡೆತನವೆಂದರೆ ಇದಲ್ಲ.

ಮುತ್ತಿನ ಚರಿತ್ರೆಯಿಂದ ನಾನು ಕಲಿತದ್ದು ಇಷ್ಟು. ಹಕ್ಕಿಗೆ ಎರಡು ಅರ್ಧಗಳಿವೆ. ಒಂದು ಹಾಸಿನ ಮೇಲಿನದು, ಇನ್ನೊಂದು ಹಾಸಿನಿಂದ ಬಂದದ್ದು ಎಲ್ಲಿ ಬೆಲೆಯಾಗುತ್ತದೋ ಅಲ್ಲಿಯದು. ಮೊದಲನೆಯದಕ್ಕಾಗಿ ಮನುಷ್ಯರು ಶತಮಾನಗಟ್ಟಲೆ ಹೋರಾಡಿದ್ದಾರೆ, ಗೆದ್ದಿದ್ದಾರೆ. ಅದು ಸಣ್ಣ ಗೆಲುವಲ್ಲ. ನಮ್ಮ ತಂದೆಯವರು ಮರಗಳನ್ನು ಮುಟ್ಟಿ ಬಂದ ಆ ಸಂಜೆಯನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಹಾಸನ್ನು ಕಾಯುವುದರಲ್ಲಿಯೇ ಮೈಮರೆತವರು ಪೇಟೆಯನ್ನು ಕಳೆದುಕೊಂಡರು. ಸುಂಕದ ಅಧಿಸೂಚನೆಯನ್ನು ನಮ್ಮ ಸಹಕಾರ ಸಂಘಗಳು ಪಹಣಿಯನ್ನು ಓದುವಷ್ಟೇ ಆಸ್ಥೆಯಿಂದ ಓದಬೇಕು. ಬೆಂಬಲ ಬೆಲೆ ಭರವಸೆಯಿಂದ ಹಕ್ಕಿನ ಕಡೆಗೆ ಒಂದೆರಡು ಹೆಜ್ಜೆಯನ್ನಾದರೂ ಇಡುವಂತೆ ಕೇಳಬೇಕು. ಅಟ್ಟದಲ್ಲಿ ತಿಂಗಳುಗಟ್ಟಲೆ ಕಾದ ಕೊಬ್ಬರಿಗೂ ಅವಸರದಲ್ಲಿ ಒಣಗಿಸಿದ ಕೊಬ್ಬರಿಗೂ ಇರುವ ಭೇದವನ್ನು ಕೊಳ್ಳುವವನಿಗೆ ತಿಳಿಸಿ ಹೇಳಬೇಕು. ಸಾಕಿದ ಮುತ್ತಿನ ಪ್ರವಾಹದಲ್ಲಿಯೂ ಸಹಜ ಮುತ್ತಿಗೆ ಅಷ್ಟಿಷ್ಟು ಬೆಲೆ ಉಳಿದದ್ದು, ಆ ಭೇದವನ್ನು ಪರೀಕ್ಷಿಸಿ ತೋರಿಸುವವರು ಇದ್ದುದರಿಂದಲೇ.

ತಂದೆಯವರು ಈಗಿಲ್ಲ. ಹಕ್ಕಿನ ಪತ್ರ ಪೆಟ್ಟಿಗೆಯಲ್ಲಿದೆ; ಮಡಿಕೆಗಳಲ್ಲಿ ಸವೆದಿದ್ದರೂ ಅಕ್ಷರ ಮಾಸಿಲ್ಲ. ಅವರು ಕೇಳಿದ ಪ್ರಶ್ನೆಗೆ ಇಂದು ಇಷ್ಟನ್ನು ಹೇಳಬಲ್ಲೆ: ಬೆಲೆಯ ಪಹಣಿ ಇನ್ನೂ ಯಾರ ಹೆಸರಿನಲ್ಲಿಯೂ ಪೂರ್ಣವಾಗಿ ಬರೆದಿಲ್ಲ. ಏಳನೇ ನಮೂನೆಯನ್ನು ತುಂಬಿ ಕೊಟ್ಟ ತಲೆಮಾರಿನ ಮಕ್ಕಳು ನಾವು. ಆ ಇನ್ನೊಂದು ಅರ್ಜಿಯನ್ನು ಯಾರು ಬರೆಯಬೇಕೆಂದು ಕೇಳುತ್ತ ಕುಳಿತಿರುವುದು ನಮಗೆ ತರವಲ್ಲ.